ಶಾಂತವ್ವನ ಎಂಟು ತಿಂಗಳು

ಸಿದ್ದಕ್ಕನಿಗೆ ವರ್ಷಕ್ಕೆ ಎರಡು ಸಲ ಎದೆಯಲ್ಲಿ ಗಂಟಾಗುತ್ತದೆ. ಒಮ್ಮೆ ಶ್ರಾವಣದ ಹೊತ್ತಿಗೆ, ಇನ್ನೊಮ್ಮೆ ಸಂಕ್ರಾಂತಿ ಕಳೆದ ಮೇಲೆ. ಆ ವಾರ ಅವಳ ಹೆಸರು ಶಾಂತವ್ವ. ವಯಸ್ಸು ಐವತ್ತೆಂಟು, ಊರು ಖಾನಾಪುರದ ಹತ್ತಿರದ ಬೀಡಿ, ಗಂಡ ಇಲ್ಲ, ಗಂಟು ಬಲಗಡೆಗೆ, ನೋವಿಲ್ಲ, ಕೈಗೆ ಹತ್ತಿ ಎಂಟು ತಿಂಗಳಾಯಿತು. ವಾರ ಮುಗಿದ ಮೇಲೆ ಶಾಂತವ್ವನ ಕಾಗದ ಕಪಾಟು ಸೇರುತ್ತದೆ, ಸಿದ್ದಕ್ಕ ಖಾನಾಪುರದ ಬಸ್ಸು ಹತ್ತುತ್ತಾಳೆ.

ಇದು ಬೆಳಗಾವಿಯ ಒಂದು ವೈದ್ಯಕೀಯ ಕಾಲೇಜಿನಲ್ಲಿ ಅವಳು ಮಾಡುವ ಕೆಲಸ, ಉಳಿದ ವಾರಗಳಲ್ಲಿ ಬೇರೆ ಹೆಸರು, ಬೇರೆ ಬೇನೆ. ಡಾಕ್ಟರಾಗಲು ಬಂದ ಮಕ್ಕಳಿಗೆ ಅಲ್ಲಿ ಎಲ್ಲವನ್ನೂ ಪಾಠ ಹೇಳಿಯೇ ಕಲಿಸುವುದಿಲ್ಲ. ಹತ್ತು ಮಂದಿಯ ಗುಂಪು ಮಾಡಿ, ಒಂದು ದುಂಡನೆಯ ಮೇಜಿನ ಸುತ್ತ ಕೂರಿಸಿ, ಮುಂದೆ ಒಂದು ಸಮಸ್ಯೆ ಇಡುತ್ತಾರೆ. ಒಬ್ಬ ಹೆಂಗಸು ಬಂದಿದ್ದಾಳೆ, ಅವಳಿಗೆ ಹೀಗಾಗಿದೆ, ಏನಾಗಿದೆ ಎಂದು ನೀವೇ ಹುಡುಕಿ ಅನ್ನುತ್ತಾರೆ. ಸೋಮವಾರ ಆ ಹೆಂಗಸನ್ನು ಮಾತಾಡಿಸಬೇಕು. ತಿಳಿದದ್ದೆಷ್ಟು, ತಿಳಿಯದ್ದೆಷ್ಟು ಎಂದು ಬಿಳಿ ಹಲಗೆಯ ಮೇಲೆ ಬರೆಯಬೇಕು. ತಿಳಿಯದ್ದನ್ನು ಹಂಚಿಕೊಂಡು ಹೋಗಿ, ಓದಿ, ಗುರುವಾರ ಬಂದು ಒಬ್ಬರಿಗೊಬ್ಬರು ಹೇಳಬೇಕು. ಕಲಿಸುವವರು ಮೂಲೆಯ ಕುರ್ಚಿಯಲ್ಲಿ ಸುಮ್ಮನೆ ಕೂತಿರುತ್ತಾರೆ. ಮಕ್ಕಳು ದಾರಿ ತಪ್ಪಿದರೂ ಅವರು ಬೇಗ ಬಾಯಿ ಬಿಡುವುದಿಲ್ಲ, ತಪ್ಪಿ ತಾವೇ ತಿರುಗಿ ಬರಲಿ ಎಂದು ಕಾಯುತ್ತಾರೆ.

ನಿಜವಾದ ರೋಗಿಯನ್ನು ತಂದು ಹತ್ತು ಮಂದಿಯ ಮುಂದೆ ಕೂರಿಸುವುದು ಸರಿಯಲ್ಲ. ಅದಕ್ಕೇ ಸಿದ್ದಕ್ಕ, ಬೇರೆ ಕೋಣೆಗಳ ಗುಂಪುಗಳಿಗೆ ಅವಳಂಥ ಇನ್ನೂ ಐವರು ಶಾಂತವ್ವಂದಿರು. ಅವಳು ಓದಿದ್ದು ಎರಡನೇ ಇಯತ್ತೆ. ಅಕ್ಷರ ಕೂಡಿಸಿ ಕೂಡಿಸಿ ಬಸ್ಸಿನ ಬೋರ್ಡು ಓದುತ್ತಾಳೆ. ಆದರೆ ಒಮ್ಮೆ ಕಿವಿಗೆ ಬಿದ್ದದ್ದು ಅವಳಲ್ಲಿ ಹಾಗೇ ಉಳಿಯುತ್ತದೆ. ಮೊದಲು ಅವಳು ಅದೇ ಕಾಲೇಜಿನ ಆಸ್ಪತ್ರೆಯಲ್ಲಿ ವಾರ್ಡು ಒರೆಸುವ ಆಯಾ ಆಗಿದ್ದಳು. ಒಂದು ದಿನ ಡಾಕ್ಟರ್ ಪದ್ಮಶ್ರೀ, ಒಬ್ಬ ಮುದುಕಿ ಬೆಳಿಗ್ಗೆ ನರ್ಸಿನ ಮುಂದೆ ಏನು ಹೇಳಿದಳೆಂದು ವಿಚಾರಿಸುತ್ತಿದ್ದರು. ನರ್ಸಿಗೆ ನೆನಪಿರಲಿಲ್ಲ. ನೆಲ ಒರೆಸುತ್ತಿದ್ದ ಸಿದ್ದಕ್ಕ ತಲೆ ಎತ್ತದೆಯೇ ಆ ಮುದುಕಿಯ ಮಾತನ್ನೆಲ್ಲ, ನಡುವೆ ಕೆಮ್ಮಿದ್ದು ಎಲ್ಲಿ, ಸುಮ್ಮನಾದದ್ದು ಎಲ್ಲಿ ಎಂಬುದರ ಸಮೇತ ಹೇಳಿಬಿಟ್ಟಳು. ಪದ್ಮಶ್ರೀ ಮೇಡಂ ಅವಳನ್ನು ಸ್ವಲ್ಪ ಹೊತ್ತು ನೋಡಿದರು. ಮುಂದಿನ ವರ್ಷದಿಂದ ಅವಳ ಕೈಯ ಬಕೆಟ್ಟು ಹೋಗಿ ಈ ಕೆಲಸ ಬಂತು.

ಶಾಂತವ್ವನ ಕಾಗದ ಬರೆಯುವಾಗ ಮೇಡಂ ಒಂದು ಮಾತು ಕೇಳಿದ್ದರು, ನಿಮ್ಮ ಕಡೆಯ ಹೆಂಗಸರು ಗಂಟು ಕಂಡ ಮೇಲೆ ಎಷ್ಟು ದಿನ ಮನೆಯಲ್ಲೇ ಕೂರುತ್ತಾರೆ ಎಂದು. ಸಿದ್ದಕ್ಕ ಹಿಂದೆ ಮುಂದೆ ನೋಡದೆ ಎಂಟು ತಿಂಗಳು ಅಂದಳು. ಮೇಡಂ ಬರೆದುಕೊಂಡರು. ಎಂಟೇ ಯಾಕೆ ಎಂದು ಕೇಳಲಿಲ್ಲ.

ಕಟ್ಟಳೆಗಳನ್ನು ಮೇಡಂ ಮೊದಲ ದಿನವೇ ಹೇಳಿಕೊಟ್ಟಿದ್ದರು. ಕೇಳಿದ್ದಕ್ಕಷ್ಟೇ ಉತ್ತರ ಕೊಡಬೇಕು, ತಾನಾಗಿ ಏನೂ ಹೇಳಬಾರದು, ಏಕೆಂದರೆ ಕೇಳಲು ಕಲಿಯುವುದೇ ಅವರ ಪಾಠ. ಕಾಗದದಲ್ಲಿ ಇಲ್ಲದ್ದನ್ನು ಯಾರಾದರೂ ಕೇಳಿದರೆ "ನೆನಪಿಲ್ರಿ" ಅನ್ನಬೇಕು. ಕೋಣೆಯಿಂದ ಹೊರಗೆ ಬಂದ ಮೇಲೆ ಆ ಮಕ್ಕಳ ಜೊತೆ ಈ ವಿಷಯ ಮಾತಾಡುವ ಹಾಗೇ ಇಲ್ಲ. ಮಾತಾಡಿಸುವುದು ಮುಗಿದ ಮೇಲೂ ಅವಳು ಗೋಡೆಯ ಪಕ್ಕದ ಕುರ್ಚಿಯಲ್ಲಿ ಕೂತೇ ಇರುತ್ತಾಳೆ, ಮಕ್ಕಳಿಗೆ ಮತ್ತೇನಾದರೂ ಕೇಳಬೇಕೆನಿಸಬಹುದು ಎಂದು. ಹೀಗೆ ಕೂತು ಆರು ವರ್ಷವಾಯಿತು.

ಕೋಣೆಗಳಿಗೆ ಕುರ್ಚಿ ಹಾಕಿ ಹಲಗೆ ಒರೆಸುವ ಸಿಪಾಯಿ ಕಲ್ಮೇಶ ಅವಳನ್ನು ಕಂಡಾಗಲೆಲ್ಲ ಚೇಷ್ಟೆ ಮಾಡುತ್ತಾನೆ.

"ಹನ್ನೆರಡ ಸಲ ಕ್ಯಾನ್ಸರ್ ಆಗಿ, ಹನ್ನೆರಡ ಸಲ ಎದ್ದ ಬಂದ ಚಹಾ ಕುಡದಾಕಿ ನೀ ಒಬ್ಬಾಕೀನ ನೋಡ ಸಿದ್ದಕ್ಕಾ."

"ಹದಿಮೂರನೇದಕ್ಕ ಸಕ್ಕರಿ ಕಡಿಮಿ ಹಾಕು," ಅನ್ನುತ್ತಾಳೆ ಸಿದ್ದಕ್ಕ.

ಇಡೀ ದಿನದಲ್ಲಿ ಅವಳು ತನ್ನದೆಂದು ಆಡುವ ಮಾತು ಬಹುತೇಕ ಅಷ್ಟೇ.

ಖಾನಾಪುರದಲ್ಲಿ ಅವಳದೊಂದು ಬಾಡಿಗೆಯ ಖೋಲಿ. ಪಕ್ಕದವರು ಮರಾಠಿ ಮಾತಾಡುವ ಮಂದಿ, ಒಳ್ಳೆಯವರು. ಹಬ್ಬಕ್ಕೆ ತಟ್ಟೆ ಮುಚ್ಚಿ ಕಳಿಸುತ್ತಾರೆ, ತಟ್ಟೆ ತಿರುಗಿ ಕೊಡುವಾಗ "ಬರೀ ಆಹೇಸ್ ನಾ?" ಎಂದು, ಆರಾಮ ಇದ್ದೀಯಲ್ಲ ಎಂದು ಕೇಳುತ್ತಾರೆ. ಇವಳು ಹೌದೆಂದು ಗೋಣು ಹಾಕುತ್ತಾಳೆ. ಕೋಣೆಯೊಳಗೆ ಅರ್ಧ ಹೊಲಿದ ಒಂದು ಕೌದಿ ಮಡಚಿ ಇಟ್ಟಿದೆ. ಅದು ಅವಳ ಅಕ್ಕ ಅಕ್ಕವ್ವನದು. ಅಕ್ಕವ್ವ ತೀರಿಕೊಂಡು ಒಂಬತ್ತು ವರ್ಷವಾಯಿತು.

ಇಬ್ಬರೂ ಬೀಡಿಯಲ್ಲಿ ಹುಟ್ಟಿ ಬೆಳೆದವರು. ಇಬ್ಬರ ಗಂಡಂದಿರೂ ಬೇಗ ಹೋದರು, ಇಬ್ಬರಿಗೂ ಮಕ್ಕಳಿರಲಿಲ್ಲ. ಅಕ್ಕ ತಂಗಿ ಕೂಡಿ ಖಾನಾಪುರಕ್ಕೆ ಬಂದು ಈ ಖೋಲಿ ಹಿಡಿದು ಕೌದಿ ಹೊಲಿಯುವ ಕೆಲಸ ಹಿಡಿದರು. ಹಳೆಯ ಸೀರೆ, ಧೋತರ, ಅಂಗಿಗಳನ್ನು ಜನ ಗಂಟು ಕಟ್ಟಿ ತಂದು ಕೊಡುತ್ತಿದ್ದರು. ಅವನ್ನು ಪದರ ಪದರವಾಗಿ ಹಾಸಿ ಅಂಚಿನಿಂದ ಒಳಕ್ಕೆ ಹೊಲಿಯುತ್ತ ಹೋಗಬೇಕು. ಅಕ್ಕವ್ವನ ಹೊಲಿಗೆ ಇರುವೆ ಸಾಲು ಹೊರಟ ಹಾಗೆ, ಎಲ್ಲೂ ಹೆಚ್ಚು ಕಡಿಮೆ ಇಲ್ಲ. ಸಿದ್ದಕ್ಕನದು ಅಷ್ಟು ನಾಜೂಕಲ್ಲ. ಆದರೆ ಹೊರಗಿನ ವ್ಯವಹಾರವೆಲ್ಲ ಅವಳದೇ. ಯಾವ ಡಾಕ್ಟರು, ಯಾವ ಕಚೇರಿ, ಯಾವ ಬಸ್ಸು, ಎಲ್ಲಕ್ಕೂ ಅಕ್ಕವ್ವ ತಂಗಿಯನ್ನೇ ಕೇಳುತ್ತಿದ್ದಳು. ತಂಗಿ ಹೇಳಿದ ಮೇಲೆ ಎರಡನೆಯವರನ್ನು ಕೇಳುವ ರೂಢಿ ಅವಳಿಗೆ ಇರಲಿಲ್ಲ.

ಅಕ್ಕವ್ವನ ಕೊರಳಲ್ಲಿ ಲಿಂಗ ಇತ್ತು, ಬೆಳ್ಳಿಯ ಕರಡಿಗೆಯೊಳಗೆ. ಅವರ ಅವ್ವ ಮಾಡಿಸಿಕೊಟ್ಟ, ಕೋಳಿಮೊಟ್ಟೆಗಿಂತ ಸ್ವಲ್ಪ ಸಣ್ಣ ಕರಡಿಗೆ. ಶಿವದಾರಕ್ಕೆ ಕಟ್ಟಿ ಎದೆಯ ಮೇಲೆ ಬಲಕ್ಕೆ ಬರುವಂತೆ ಹಾಕಿಕೊಳ್ಳುತ್ತಿದ್ದಳು. ಕೌದಿಯ ಮೇಲೆ ಬಗ್ಗಿದಾಗ ಅದು ಎದೆಗೂ ಮೊಣಕಾಲಿಗೂ ನಡುವೆ ಸಿಕ್ಕಿ ಒತ್ತುತ್ತಿತ್ತು. ನಲವತ್ತು ವರ್ಷ ಒತ್ತಿ ಒತ್ತಿ ಅಲ್ಲೊಂದು ಕಪ್ಪು ಕಲೆ ಆಗಿತ್ತು.

ಒಂದು ದಿನ ಮಧ್ಯಾಹ್ನ ಅಕ್ಕವ್ವ ಸೂಜಿ ಇಟ್ಟು, ಬಾಗಿಲು ಮುಂದಕ್ಕೆ ಮಾಡಿ, ತಂಗಿಯ ಕೈ ಹಿಡಿದು ಆ ಜಾಗಕ್ಕೆ ಇಟ್ಟುಕೊಂಡಳು. ಕಲೆಯ ಕೆಳಗೆ ಒಂದು ಗಂಟು. ಕಡಲೆಕಾಳಿಗಿಂತ ದೊಡ್ಡದು, ಗಟ್ಟಿ. ನೋಯುತ್ತದೆಯೇ ಎಂದು ಸಿದ್ದಕ್ಕ ಕೇಳಿದಳು. ಇಲ್ಲ ಅಂದಳು ಅಕ್ಕ. ನೋವಿಲ್ಲದ ಮೇಲೆ ಏನಿದ್ದೀತು. ಸಿದ್ದಕ್ಕ ನಕ್ಕು ಹೇಳಿದಳು, ಕರಡಿಗೆ ಒತ್ತಿ ಒತ್ತಿ ಮಾಂಸ ಗಡುಸಾಗಿದೆ, ಎತ್ತಿನ ಹೆಗಲಿಗೆ ನೊಗ ಒತ್ತಿ ಗಂಟಾಗುವುದಿಲ್ಲವೇ ಹಾಗೆ, ದಾರ ಉದ್ದ ಮಾಡಿದರೆ ಹೋಗುತ್ತದೆ. ಅಂದೇ ಸಂಜೆ ಹೊಸ ದಾರ ತಂದು ನಾಲ್ಕು ಬೆರಳು ಉದ್ದ ಬಿಟ್ಟು ತಾನೇ ಕಟ್ಟಿದಳು. ಎರಡು ತಿಂಗಳ ಮೇಲೂ ಗಂಟು ಇದ್ದಾಗ ಕರಡಿಗೆಗೆ ಹತ್ತಿಯ ಅರಿವೆ ಸುತ್ತಿಕೊಟ್ಟಳು. ತಂಗಿ ಹೇಳಿದಂತೆ ಅಕ್ಕ ಕೇಳಿದಳು. ಗಂಟಿನ ಮೇಲಿನ ಚರ್ಮ ಒಳಕ್ಕೆ ಎಳೆದು ಗುಳಿ ಬಿದ್ದಾಗ ಬೆಳಗಾವಿಯ ನೆಹರು ನಗರದ ದೊಡ್ಡ ಆಸ್ಪತ್ರೆಗೆ ಹೋದರು. ಅಷ್ಟು ಹೊತ್ತಿಗೆ ಎಂಟು ತಿಂಗಳಾಗಿತ್ತು.

ಅಲ್ಲಿಯ ಡಾಕ್ಟರು ಇಷ್ಟು ದಿನ ಯಾಕೆ ಬರಲಿಲ್ಲ ಎಂದು ಕೇಳಿದರು. ಸಿದ್ದಕ್ಕ ಪಕ್ಕದಲ್ಲೇ ನಿಂತಿದ್ದಳು. ಅಕ್ಕವ್ವ ತಂಗಿಯ ಕಡೆ ನೋಡಲಿಲ್ಲ.

"ಹಂಗ ಬಿಟ್ಟೆರಿ," ಅಂದಳು.

ಆಮೇಲೆ ಎರಡು ವರ್ಷ ಬದುಕಿದಳು. ಆಪರೇಷನ್ ಆಯಿತು, ಕೂದಲು ಹೋಗುವ ಔಷಧ ಆಯಿತು. ಆ ಎರಡು ವರ್ಷದಲ್ಲಿ ಆ ದಾರದ ಮಾತನ್ನು ಅಕ್ಕ ಒಮ್ಮೆಯೂ ಎತ್ತಲಿಲ್ಲ. ತಂಗಿಯೂ ಎತ್ತಲಿಲ್ಲ. ಅಕ್ಕ ಮರೆತಳೋ, ಮನಸ್ಸಿನಲ್ಲೇ ಉಳಿಸಿಕೊಂಡಳೋ ಸಿದ್ದಕ್ಕನಿಗೆ ತಿಳಿಯಲಿಲ್ಲ. ಮಣ್ಣಿಗೆ ಹೋಗಿ ಬಂದ ಮೇಲೆ ಬೀಡಿಯ ಬಂಧುಗಳು ಕೂತು, ಪಾಪ ತನ್ನ ಮೈಯ ಬಗ್ಗೆ ಕಾಳಜಿ ಇಲ್ಲದ ಹೆಂಗಸು, ಬೇಗ ತೋರಿಸಿಕೊಂಡಿದ್ದರೆ ಬದುಕುತ್ತಿದ್ದಳು ಎಂದು ಮಾತಾಡಿಕೊಂಡರು. ಸಿದ್ದಕ್ಕ ಆಗಲೂ ಬಾಯಿ ತೆರೆಯಲಿಲ್ಲ. ಅಕ್ಕನ ಕೌದಿ ಮಡಚಿಟ್ಟು ಬೆಳಗಾವಿಗೆ ಆಯಾ ಕೆಲಸಕ್ಕೆ ಹೋದಳು.

ಆಗ ಅವಳಿಗೂ ತನ್ನ ತಪ್ಪು ಎಷ್ಟೆಂದು ಗೊತ್ತಿರಲಿಲ್ಲ. ಅದು ಗೊತ್ತಾದದ್ದು ಕಾಲೇಜಿನ ಕೋಣೆಯಲ್ಲಿ, ಗೋಡೆಯ ಪಕ್ಕದ ಕುರ್ಚಿಯಲ್ಲಿ ಕೂತು. ಮೈಯೆಲ್ಲ ಕಣ್ಣಿಗೆ ಕಾಣದ ಸಣ್ಣ ಸಣ್ಣ ಕಣಗಳಿಂದ ಆಗಿದೆ ಎಂದು ಒಂದು ವರ್ಷ ತಿಳಿಯಿತು. ಅವು ಬೇಕಾದಷ್ಟೇ ಹುಟ್ಟಿ ಅಲ್ಲಿಗೆ ನಿಲ್ಲುತ್ತವೆ, ಯಾವುದೋ ಒಂದು ನಿಲ್ಲುವುದನ್ನು ಮರೆತರೆ ಗಂಟಾಗುತ್ತದೆ. ಒಂದು ಜಾತಿಯ ಗಂಟು ಇದ್ದಲ್ಲೇ ಇರುತ್ತದೆ, ಬೆರಳಿಗೆ ಜಾರುತ್ತದೆ. ಇನ್ನೊಂದು ಸುತ್ತಲಿನ ಮಾಂಸಕ್ಕೆ ಬೇರು ಬಿಡುತ್ತದೆ, ಚರ್ಮವನ್ನು ಒಳಕ್ಕೆ ಎಳೆಯುತ್ತದೆ, ಕಂಕುಳಿಗೆ ಹೋಗುತ್ತದೆ, ಅಲ್ಲಿಂದ ಎಲುಬಿಗೆ, ಪುಪ್ಪುಸಕ್ಕೆ. ಮೊದಮೊದಲು ಅದು ನೋಯುವುದಿಲ್ಲ. ನೋಯದಿರುವುದೇ ಅದರ ಕೆಟ್ಟತನ. ಇದನ್ನೆಲ್ಲ ಮಕ್ಕಳು ಅರ್ಧ ಇಂಗ್ಲಿಷಿನಲ್ಲಿ ಅರ್ಧ ಕನ್ನಡದಲ್ಲಿ ಹೇಳಿಕೊಳ್ಳುತ್ತಿದ್ದರು. ಅವಳು ಎರಡನ್ನೂ ಕೇಳಿಸಿಕೊಂಡು ಜೋಡಿಸಿಕೊಳ್ಳುತ್ತಿದ್ದಳು.

ಪ್ರತಿ ಸಲವೂ ಯಾರಾದರೊಬ್ಬರು ಆ ಲೆಕ್ಕ ಮಾಡುತ್ತಿದ್ದರು, ಈ ಹೆಂಗಸು ಗಂಟು ಕಂಡ ವಾರದಲ್ಲೇ ಬಂದಿದ್ದರೆ ಯಾವ ಹಂತ, ಈಗ ಯಾವ ಹಂತ, ನೂರರಲ್ಲಿ ಎಷ್ಟು ಮಂದಿ ಉಳಿಯುತ್ತಿದ್ದರು, ಈಗ ಎಷ್ಟು. ಲೆಕ್ಕ ಮುಗಿದ ಮೇಲೆ ಇನ್ನೊಬ್ಬರು ಶಾಂತವ್ವನನ್ನು ಕೇಳುತ್ತಿದ್ದರು, ಯಾಕೆ ಬರಲಿಲ್ಲ ಎಂದು. ಕಾಗದದಲ್ಲಿದ್ದ ಉತ್ತರ, "ನೋವಿರಲಿಲ್ಲ, ಹಂಗ ಬಿಟ್ಟೆ." ಅವಳು ಅದನ್ನೇ ಹೇಳುತ್ತಿದ್ದಳು. ಮಕ್ಕಳು ಹಲಗೆಯ ಮೇಲೆ ಒಂದು ಪದ ಬರೆಯುತ್ತಿದ್ದರು. ಹನ್ನೆರಡು ಗುಂಪು, ಹನ್ನೆರಡು ಸಲ, ಅದೇ ಪದ. ಅದರ ಅರ್ಥವನ್ನು ಅವಳು ಕಲ್ಮೇಶನಿಂದ ಕೇಳಿ ತಿಳಿದಿದ್ದಳು. ನಿರ್ಲಕ್ಷ್ಯ. ಬೀಡಿಯ ಬಂಧುಗಳು ಆಡಿದ ಮಾತೇ ಇಂಗ್ಲಿಷಿನಲ್ಲಿ ಹಲಗೆಯ ಮೇಲೆ ಇತ್ತು.

ಇಲ್ಲಿ ಹೇಳಿಬಿಡಬೇಕೆಂದು ಅವಳಿಗೆ ಅನಿಸಿದ್ದು ಒಂದೆರಡು ಸಲವಲ್ಲ. ಅಕ್ಕ ನಿರ್ಲಕ್ಷ್ಯ ಮಾಡಿದವಳಲ್ಲ, ಗಂಟು ಕಂಡ ದಿನವೇ ತೋರಿಸಿದಳು, ತೋರಿಸಿದ್ದು ತಪ್ಪು ಹೇಳಿದವಳಿಗೆ. ಆದರೆ ಕೇಳದೆ ಹೇಳುವ ಹಾಗಿಲ್ಲ. ಯಾರೂ ಆ ಮಾತು ಕೇಳಿರಲಿಲ್ಲ.

ಈ ವರ್ಷ ಶ್ರಾವಣದ ಮೊದಲ ಸೋಮವಾರ ಹದಿಮೂರನೆಯ ಗುಂಪು ಕೂತಿತ್ತು. ರೋಹನ ಎಂಬ ಹುಡುಗ ಮುಂದಾಳಾಗಿದ್ದ. ಚುರುಕು ಹುಡುಗ, ಪ್ರಶ್ನೆಗಳನ್ನು ಪಟ್ಟಿ ಮಾಡಿಕೊಂಡೇ ಬಂದಿದ್ದ. ಎಷ್ಟು ದಿನದಿಂದ, ಎಷ್ಟು ದೊಡ್ಡದು, ನೋವು ಇದೆಯೇ, ತೂಕ ಇಳಿದಿದೆಯೇ, ಮುಟ್ಟು ನಿಂತದ್ದು ಯಾವಾಗ, ಮನೆತನದಲ್ಲಿ ಯಾರಿಗಾದರೂ ಇತ್ತೇ. ಸಿದ್ದಕ್ಕ ಒಂದೊಂದಕ್ಕೂ ಉತ್ತರ ಕೊಟ್ಟಳು. ಇಷ್ಟು ದಿನ ಯಾಕೆ ಬರಲಿಲ್ಲ ಎಂದದ್ದಕ್ಕೂ ಕೊಟ್ಟಳು. ರೋಹನ ಆ ಪದವನ್ನು ಬರೆದು ಪೆನ್ನಿಗೆ ಮುಚ್ಚಳ ಹಾಕಿದ.

ಮೇಜಿನ ಆ ತುದಿಯಲ್ಲಿ ಸೃಷ್ಟಿ ಎಂಬ ಹುಡುಗಿ ಕೂತಿದ್ದಳು. ಲೋಂಡಾದ ಕಡೆಯವಳು, ಅವಳಪ್ಪ ರೈಲ್ವೆಯಲ್ಲಿ ಇದ್ದವನು. ಅಲ್ಲಿಯವರೆಗೂ ಅವಳು ಒಂದು ಮಾತೂ ಆಡಿರಲಿಲ್ಲ. ತಾನು ಒಂದು ಕೇಳಲೇ ಎಂದು ಗೆಳೆಯರ ಕಡೆ ನೋಡಿದಳು. ಬೇಗ ಕೇಳು ಅಂದ ರೋಹನ.

"ಶಾಂತವ್ವಾರ, ಗಂಟ ಕೈಗಿ ಹತ್ತಿದಾಗ ಮೊದಲ ಯಾರಿಗಿ ತೋರ್ಸಿದ್ರಿ?"

ಇದು ಕಾಗದದಲ್ಲಿ ಇರಲಿಲ್ಲ. ನೆನಪಿಲ್ರಿ ಅನ್ನಬೇಕು. ಸಿದ್ದಕ್ಕ ಅದನ್ನೇ ಹೇಳಲು ಬಾಯಿ ತೆರೆದಳು.

"ತಂಗೀಗಿ," ಅಂದಳು.

ಮೂಲೆಯಲ್ಲಿ ಪದ್ಮಶ್ರೀ ಮೇಡಂ ಕಾಗದದಿಂದ ತಲೆ ಎತ್ತಿದರು.

ತಂಗಿ ಏನಂದಳು ಎಂದು ಸೃಷ್ಟಿ ಕೇಳಿದಳು. ಸಿದ್ದಕ್ಕ ಹೇಳತೊಡಗಿದಳು. ಕೌದಿ, ಕರಡಿಗೆ, ಕಪ್ಪು ಕಲೆ, ನಾಲ್ಕು ಬೆರಳು ಉದ್ದದ ದಾರ, ಹತ್ತಿಯ ಅರಿವೆ. ಅವಳು ಕೂತಿದ್ದದ್ದು ಶಾಂತವ್ವನ ಕುರ್ಚಿಯಲ್ಲಿ, ಆದ್ದರಿಂದ ಎಲ್ಲವನ್ನೂ ಅಕ್ಕನ ಬಾಯಿಂದಲೇ ಹೇಳಬೇಕಾಯಿತು. ನನ್ನ ತಂಗಿ ಹಿಂಗಂದಳು, ನನ್ನ ತಂಗಿ ದಾರ ಕಟ್ಟಿದಳು ಎಂದು ಹೇಳುತ್ತ ಹೇಳುತ್ತ ಅವಳ ದನಿಯೇ ಅಕ್ಕವ್ವನದಾಯಿತು, ಮಾತಿನ ಕೊನೆಗೆ ಉಸಿರು ಎಳೆದುಕೊಳ್ಳುವ ಆ ಸಣ್ಣ ದನಿ. ಒಂಬತ್ತು ವರ್ಷದಿಂದ ಕೇಳದ ಆ ದನಿ ತನ್ನ ಬಾಯಿಂದಲೇ ಹೊರಟು ತನ್ನ ಕಿವಿಗೆ ಬಿತ್ತು.

"ಆಕಿ ಹೊರಗಿಂದೆಲ್ಲಾ ತಿಳದಾಕಿರಿ. ಆಕಿ ಅಂದ ಮ್ಯಾಲ ಮುಗೀತು ಅನ್ಕೊಂಡೆ."

ಸೃಷ್ಟಿ ಮತ್ತೊಂದು ಕೇಳಿದಳು.

"ಆಕಿ ಮ್ಯಾಲ ನಿಮಗ ಸಿಟ್ಟ ಐತೇನ್ರಿ?"

ಆರು ವರ್ಷದಲ್ಲಿ ಅವಳು ಶಾಂತವ್ವನಾಗಿ ಅತ್ತಿದ್ದಾಳೆ, ಹೆದರಿದ್ದಾಳೆ, ಕಂಕುಳು ಮುಟ್ಟಿ ನೋಡಿಕೊಂಡಿದ್ದಾಳೆ. ಈ ಒಂದು ಪ್ರಶ್ನೆಗೆ ಉತ್ತರ ಗೊತ್ತಿದ್ದವಳು ಬೀಡಿಯ ಮಣ್ಣಿನಲ್ಲಿದ್ದಳು.

"ನೆನಪಿಲ್ರಿ," ಅಂದಳು ಸಿದ್ದಕ್ಕ.

ತರಗತಿ ಮುಗಿದು ಅವಳು ಹೊರಗೆ ಬಂದಳು. ಕಲ್ಮೇಶ ಚಹಾ ತಂದವನು ಅವಳ ಮುಖ ನೋಡಿ ಚೇಷ್ಟೆಯ ಮಾತು ನುಂಗಿಕೊಂಡ. ಅಷ್ಟರಲ್ಲಿ ಸೃಷ್ಟಿ ಓಡುತ್ತ ಮೆಟ್ಟಿಲಿಳಿದು ಬಂದಳು. ಪಕ್ಕದಲ್ಲಿ ನಿಂತು, ದನಿ ತಗ್ಗಿಸಿ ಕೇಳಿದಳು.

"ಆಯಿ, ಅದು ಖರೇ ಆದದ್ದನ?"

ಆ ಹುಡುಗಿಗೆ ಇಪ್ಪತ್ತು ವರ್ಷವೂ ಇರಲಿಕ್ಕಿಲ್ಲ. ಹೌದು ಅಂದುಬಿಟ್ಟರೆ ಅವಳು ಅಲ್ಲೇ ಕೂತು ಎಲ್ಲ ಕೇಳುತ್ತಿದ್ದಳು. ಹಾಗೆ ಕೇಳುವ ಮುಖ ಅದು. ಆದರೆ ಗುರುವಾರ ಅವಳು ಮತ್ತೆ ಅದೇ ಮೇಜಿನಲ್ಲಿ ಕೂರಬೇಕು, ಇನ್ನೂ ಕೇಳಿ ಕಲಿಯಬೇಕು. ಸಿದ್ದಕ್ಕ ಇವತ್ತು ಒಂದು ಕಟ್ಟಳೆ ಮುರಿದಾಗಿತ್ತು.

"ಹೊರಗ ಮಾತಾಡಂಗಿಲ್ಲವ್ವಾ. ನೀ ಹೋಗು, ಓದಕೋ ಹೋಗು," ಅಂದಳು.

ಹುಡುಗಿ ಮೆಟ್ಟಿಲು ಹತ್ತಿ ಹೋದಳು. ಸಿದ್ದಕ್ಕ ಚಹಾ ಹಾಗೇ ಬಿಟ್ಟಳು. ಬಸ್ಸಿನಲ್ಲಿ ಪಕ್ಕದ ಸೀಟಿನವಳು ಎಲ್ಲಿಗೆ ಇಳಿಯುತ್ತೀರಿ ಎಂದು ಎರಡು ಸಲ ಕೇಳಬೇಕಾಯಿತು. ಮಾತು ಹೊರಗೆ ಹೋದ ಮೇಲೆ ಎದೆ ಹಗುರಾಗುತ್ತದೆ ಎಂದು ಅವಳು ತಿಳಿದಿದ್ದಳು. ಹಗುರಾಗಲಿಲ್ಲ, ಖಾಲಿಯಾಯಿತು. ಇಷ್ಟು ವರ್ಷ ಖೋಲಿಯಲ್ಲಿ ಅವಳ ಜೊತೆಗೆ ಇದ್ದದ್ದು ಅಕ್ಕ ಅಲ್ಲ, ಈ ಮಾತೇ ಆಗಿತ್ತೇನೋ ಅನಿಸಿತು.

ಗುರುವಾರ ಬಂತು. ಸೋಮವಾರದ ಮಾತಿನಿಂದ ಗುಂಪು ಬೇರೆಯೇ ದಾರಿ ಹಿಡಿದಿತ್ತು. ರೋಹನನಿಗೆ ಅದು ಹಿಡಿಸಿರಲಿಲ್ಲ. ಬೇರೆ ಗುಂಪುಗಳ ಶಾಂತವ್ವಂದಿರು ಹೀಗೆ ಹೇಳಿಲ್ಲ, ಪರೀಕ್ಷೆ ಎಲ್ಲರಿಗೂ ಒಂದೇ, ನಾವು ಮಾತ್ರ ದಾರದ ಹಿಂದೆ ಬಿದ್ದಿದ್ದೇವೆ ಎಂದು ಗೊಣಗಿದ. ಆದರೂ ಓದಿಕೊಂಡು ಬಂದಿದ್ದ. ಹೊರಗಿನಿಂದ ಒತ್ತಿದ್ದರಿಂದ, ಉಜ್ಜಿದ್ದರಿಂದ ಎದೆಯ ಕ್ಯಾನ್ಸರ್ ಬರುತ್ತದೆ ಎಂಬುದಕ್ಕೆ ಆಧಾರವಿಲ್ಲ, ಒತ್ತುವ ಜಾಗಕ್ಕೆ ಕೈ ಹೋಗುತ್ತದೆ, ಹಾಗಾಗಿ ಅಲ್ಲಿಯ ಗಂಟು ಬೇಗ ತಿಳಿಯುತ್ತದೆ ಅಷ್ಟೇ ಎಂದು ಹೇಳಿದ. ಸಿದ್ದಕ್ಕ ಗೋಡೆಯ ಪಕ್ಕ ಕೂತು ಕೇಳಿದಳು. ಅಂದರೆ ಅವ್ವನ ಕರಡಿಗೆ ಅಕ್ಕನಿಗೆ ಕೆಡುಕು ಮಾಡಿರಲಿಲ್ಲ. ಗಂಟನ್ನು ಬೇಗ ತೋರಿಸಿಕೊಟ್ಟಿತ್ತು.

ಆಮೇಲೆ ವರದಿಗಳು ಬಂದವು. ಸೂಜಿ ಹಾಕಿ ತೆಗೆದ ಚೂರಿನಲ್ಲಿ ಕೆಟ್ಟ ಗಂಟೆಂದು ಖಚಿತವಾಗಿತ್ತು, ಕಂಕುಳಲ್ಲೂ ಇತ್ತು, ಮೂರನೇ ಹಂತ. ರೋಹನ ಹಲಗೆಯ ಮೇಲೆ ಎಂಟು ತಿಂಗಳ ಗೆರೆ ಎಳೆದು ಲೆಕ್ಕ ಮಾಡಿದ.

"ತಂಗಿ ಒಬ್ಬಾಕಿ ಹಂಗ ಹೇಳಿರಲಿಲ್ಲಂದ್ರ ಈಕಿ ಬಹಳ ಮಾಡಿ ಉಳೀತಿದ್ಲು," ಅಂದ. ಕೆಟ್ಟ ಮನಸ್ಸಿನಿಂದ ಅಲ್ಲ, ಲೆಕ್ಕದ ಕೊನೆಯ ಸಾಲು ಓದಿದ ಹಾಗೆ.

ಯಾರಾದರೂ ಅಲ್ಲ ಅನ್ನುತ್ತಾರೇನೋ ಎಂದು ಸಿದ್ದಕ್ಕ ಕಾದಳು. ಖಚಿತ ಹೇಳಲು ಬರುವುದಿಲ್ಲ, ಕೆಲವು ಗಂಟು ಸಣ್ಣದಿದ್ದಾಗಲೇ ಹರಡಿರುತ್ತವೆ ಎಂದಳು ಸೃಷ್ಟಿ. ಆದರೆ ಬಹುಪಾಲು ಹೌದು ಅಂತಲೂ ಸೇರಿಸಿದಳು. ಓದಿ ಬಂದ ಹುಡುಗಿ, ಸುಳ್ಳು ಸಮಾಧಾನ ಹೇಳಲಿಲ್ಲ. ನಂತರ ಎದ್ದು ಹಲಗೆಯ ಹತ್ತಿರ ಹೋಗಿ ಸೋಮವಾರ ಬರೆದ ಆ ಪದವನ್ನು ಕೈಯಿಂದ ಒರೆಸಿದಳು.

"ಇದು ಇರೂದ ಬ್ಯಾಡ. ಗಂಟ ಸಿಕ್ಕ ದಿನಾನ ಆಕಿ ತೋರ್ಸ್ಯಾಳ. ಆಕಿ ನಿರ್ಲಕ್ಷ್ಯ ಮಾಡಿಲ್ಲ."

ಹಲಗೆಯ ಮೇಲೆ ಆ ಜಾಗದಲ್ಲಿ ಒಂದು ಮಸುಕು ಉಳಿಯಿತು. ಸಿದ್ದಕ್ಕ ಅದನ್ನು ನೋಡುತ್ತ ಕೂತಳು. ಅಕ್ಕನ ಮೇಲಿನ ಮಾತು ಹೋಯಿತು. ಅದು ಎಲ್ಲಿಗೆ ಹೋಯಿತು ಎಂಬುದು ಅವಳಿಗೆ ಗೊತ್ತಿತ್ತು, ತಂಗಿಯ ಮೇಲಕ್ಕೆ, ಅದನ್ನು ಅವಳು ತಾನೇ ಕರೆದು ಕೂರಿಸಿಕೊಂಡಿದ್ದಳು.

ಮರುವಾರ ಪದ್ಮಶ್ರೀ ಮೇಡಂ ಅವಳನ್ನು ತಮ್ಮ ಕೋಣೆಗೆ ಕರೆಸಿದರು. ಈ ಕೆಲಸ ಹೋಯಿತು, ಮತ್ತೆ ವಾರ್ಡಿನ ಬಕೆಟ್ಟು ಎಂದುಕೊಂಡೇ ಅವಳು ಒಳಗೆ ಹೋದಳು. ಮೇಡಂ ಕುಂದರ್ರಿ ಅಂದರು. ಒಂದೇ ದಿನ ಆರು ಕೋಣೆಯಲ್ಲಿ ಆರು ಶಾಂತವ್ವಂದಿರು ಕೂರುತ್ತಾರೆ, ಒಬ್ಬಳು ಬೇರೆ ಹೇಳಿದರೆ ಉಳಿದ ಐವತ್ತು ಮಕ್ಕಳಿಗೆ ಅನ್ಯಾಯವಾಗುತ್ತದೆ, ಇದು ನಿಮಗೂ ಗೊತ್ತಿದೆ ಎಂದು ಸಾವಕಾಶ ಹೇಳಿದರು. ಸಿದ್ದಕ್ಕ ತಪ್ಪಾಯಿತು ಅಂದಳು.

ಆದರೆ ಆ ಗುಂಪು ಕಲಿತಷ್ಟು ಬೇರೆ ಯಾವ ಗುಂಪೂ ಕಲಿಯಲಿಲ್ಲ ಎಂದರು ಮೇಡಂ. ಆದ್ದರಿಂದ ಎಲ್ಲ ಆರೂ ಜನರ ಕಾಗದಕ್ಕೆ ಇದನ್ನು ಸೇರಿಸುತ್ತೇನೆ ಎಂದು ಹೊಸ ಕಾಗದ ಓದಿ ಹೇಳಿದರು. ಗಂಟು ಕಂಡಾಗ ಮೊದಲು ತೋರಿಸಿದ್ದು ನೆರೆಮನೆಯ ಹೆಂಗಸಿಗೆ. ಕರಡಿಗೆ ಒತ್ತಿ ಆಗಿದೆ, ದಾರ ಉದ್ದ ಮಾಡಿಕೋ ಎಂದು ಅವಳು ಹೇಳಿದಳು.

ಸಿದ್ದಕ್ಕ ಎದ್ದು ಮೇಜಿನ ಹತ್ತಿರ ಹೋದಳು. ಅಕ್ಷರ ಕೂಡಿಸಿ ಆ ಸಾಲು ಹುಡುಕಿ ಅದರ ಮೇಲೆ ಬೆರಳಿಟ್ಟಳು.

"ಮೇಡಮ್ಮಾರ, ಇಲ್ಲಿ ತಂಗಿ ಅಂತ ಬರೀರಿ."

ಮೇಡಂ ಅವಳನ್ನು ನೋಡಿದರು, ಹಿಂದೆ ವಾರ್ಡಿನಲ್ಲಿ ನೋಡಿದ ಹಾಗೆಯೇ. ಎಷ್ಟು ಅರ್ಥವಾಯಿತೋ, ಏನೂ ಕೇಳಲಿಲ್ಲ. ನೆರೆಯವಳೆಂದು ಬರೆದರೂ ಮಕ್ಕಳ ಕಲಿಕೆಗೆ ಏನೂ ಕಡಿಮೆಯಾಗುವುದಿಲ್ಲ ಎಂದರು. ಸಿದ್ದಕ್ಕ ಬೆರಳು ತೆಗೆಯಲಿಲ್ಲ.

"ಕೇಳಿದಾಗೊಮ್ಮೆ ಹೇಳಬೇಕಾಗ್ತದ ಸಿದ್ದಕ್ಕಾರ. ವರ್ಷಕ್ಕ ಎರಡ ಸಲ."

"ಹೇಳ್ತೀನ್ರಿ."

ಮೇಡಂ ಹೊಡೆದು ತಿದ್ದಿದರು. ಮತ್ತೆ ಪೆನ್ನು ಹಿಡಿದೇ ಕೂತು, ಆ ಹುಡುಗಿ ಕೇಳಿದ ಇನ್ನೊಂದು ಪ್ರಶ್ನೆಯನ್ನು ನೆನಪಿಸಿದರು, ತಂಗಿಯ ಮೇಲೆ ಸಿಟ್ಟು ಇದೆಯೇ ಎಂಬುದನ್ನು. ಅದನ್ನೂ ಮುಂದೆ ಯಾರಾದರೂ ಕೇಳಬಹುದು, ಅಲ್ಲಿ ಏನು ಬರೆಯಲಿ ಎಂದರು. ಸಿದ್ದಕ್ಕನಿಗೆ ಇಲ್ಲ ಅಂತ ಬರೆಸಬಹುದಿತ್ತು. ಆರು ಶಾಂತವ್ವಂದಿರು ವರ್ಷಕ್ಕೆ ಎರಡು ಸಲ, ಇಲ್ಲ, ಸಿಟ್ಟಿಲ್ಲ ಎಂದು ಹೇಳುತ್ತಿದ್ದರು. ಕೇಳಲು ಚೆಂದವಿರುತ್ತಿತ್ತು.

"ಅದನ್ನ ಖಾಲಿ ಬಿಡ್ರಿ," ಅಂದಳು. "ಆ ಮಾತ ನನ್ನ ಕಡೆ ಇಲ್ಲ."

ಹೊರಡುವಾಗ ಮೇಡಂ ಒಂದು ಚೀಟಿ ಬರೆದುಕೊಟ್ಟರು. ಒಡಹುಟ್ಟಿದವರಿಗೆ ಇದ್ದರೆ ನೀವೂ ತೋರಿಸಿಕೊಳ್ಳಬೇಕು, ಇವತ್ತೇ ಕೆಳಗೆ ಹೋಗಿ ತೋರಿಸಿಕೊಂಡು ಹೋಗಿರಿ ಅಂದರು. ಒಡಹುಟ್ಟಿದವರು ಎಂಬ ಮಾತು ಅವರ ಬಾಯಿಂದ ಸಹಜವಾಗಿ ಬಂದಿತ್ತು. ಸಿದ್ದಕ್ಕ ಕೆಳಗೆ ಹೋಗಿ ತೋರಿಸಿಕೊಂಡಳು. ಹದಿಮೂರು ಸಲ ಗಂಟಾದವಳು ಒಮ್ಮೆಯೂ ತನ್ನ ಎದೆಯನ್ನು ಮುಟ್ಟಿ ನೋಡಿಕೊಂಡಿರಲಿಲ್ಲ. ಏನೂ ಇರಲಿಲ್ಲ. ಆ ಸುದ್ದಿಯನ್ನು ಯಾರಿಗಾದರೂ ಹೇಳಬೇಕೆನಿಸಿತು, ಕಲ್ಮೇಶ ಆ ದಿನ ರಜೆಯ ಮೇಲಿದ್ದ.

ಸಂಕ್ರಾಂತಿ ಕಳೆದ ಮೇಲೆ ಹದಿನಾಲ್ಕನೆಯ ಗುಂಪು ಬಂತು. ಹೊಸ ಮುಖಗಳು, ಹೊಸ ಬಿಳಿ ಅಂಗಿಗಳು. ಕನ್ನಡಕದ ಒಬ್ಬ ಹುಡುಗ ಪಟ್ಟಿ ನೋಡಿಕೊಂಡು ಕೇಳುತ್ತ ಹೋದ. ಎಷ್ಟು ದಿನದಿಂದ, ನೋವು ಇದೆಯೇ. ನಡುವೆ ಒಂದು ಕಡೆ, ಮೊದಲು ಯಾರಿಗೆ ತೋರಿಸಿದಿರಿ ಎಂದೂ ಕೇಳಿದ. ಸಿದ್ದಕ್ಕ ಸೆರಗು ಸರಿ ಮಾಡಿಕೊಂಡಳು.

"ತಂಗೀಗಿರಿ. ಕರಡಿಗಿ ಒತ್ತಿ ಆಗೇತಿ, ದಾರ ಉದ್ದ ಮಾಡ್ಕೋ ಅಂದ್ಲು."

ಹುಡುಗ ಬರೆದುಕೊಂಡ. ಬರೆಯುವುದು ಮುಗಿಯುವವರೆಗೆ ಅವಳು ಅವನ ಪೆನ್ನನ್ನೇ ನೋಡುತ್ತಿದ್ದಳು. ಸಿಟ್ಟಿನ ಮಾತು ಕೇಳದೆ ಅವನು ಹಾಳೆ ತಿರುವಿ, ಈಚೆಗೆ ತೂಕ ಏನಾದರೂ ಇಳಿದಿದೆಯೇ ಎಂದು ಕೇಳಿದ.

ಸ್ವಲ್ಪ ಇಳಿದಿದೆ ಎಂದು ಸಿದ್ದಕ್ಕ ಉತ್ತರ ಕೊಟ್ಟಳು.